ಹಾಳೆ ಓದುವವರ ಕೈಯಲ್ಲಿ

ಕಂಪ್ಯೂಟರ್ ಬಂದು ಟೈಪ್‌ರೈಟಿಂಗನ್ನು ಕೊಂದಿತು ಎಂದು ತಿಳಿದವರೆಲ್ಲ ಹೇಳುತ್ತಾರೆ. ಪತ್ರಿಕೆಗಳಲ್ಲಿ ಆಗಾಗ ಈ ಶ್ರದ್ಧಾಂಜಲಿ ಅಚ್ಚಾಗುವುದುಂಟು. ಜೊತೆಗೆ ಧೂಳು ಹಿಡಿದ ಯಂತ್ರದ ಒಂದು ಚಿತ್ರ. ಬರೆದವರಲ್ಲಿ ಎಷ್ಟು ಮಂದಿ ಆ ಸಾವಿನ ಮನೆಗೆ ಹೋಗಿ ನೋಡಿದ್ದರೋ ನನಗೆ ತಿಳಿಯದು. ನಾನು ಅಲ್ಲೇ ಇದ್ದವಳು. ನಾನು ಕಂಡದ್ದು ಬೇರೆ.

ಮೊನ್ನೆ ಆಟಿ ತಿಂಗಳ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ನನ್ನಲ್ಲಿ ಉಳಿದಿರುವ ಒಂದೇ ಒಂದು ಟೈಪ್‌ರೈಟರಿನ ತಗಡಿನ ಮುಚ್ಚಳ ತೆಗೆದೆ. ರಿಬ್ಬನ್ನಿನ ಶಾಯಿ, ಯಂತ್ರದ ಎಣ್ಣೆ, ಮಳೆಗಾಲದ ಬೂಷ್ಟು ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆಗೆ ನನ್ನ ಪಾಲಿಗೆ ಒಂದೇ ಅರ್ಥ: ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಒಂದು ಮಳೆಗಾಲ, ಬಂಟ್ವಾಳದ ಬಿ.ಸಿ. ರೋಡಿನಲ್ಲಿದ್ದ ನನ್ನ ಟೈಪಿಂಗ್ ಕ್ಲಾಸಿನ ಕೋಣೆ, ಮತ್ತು ಆ ಕೋಣೆ ನನ್ನ ಕೈ ತಪ್ಪುವುದರಲ್ಲಿದ್ದ ಕೆಲವು ವಾರಗಳು.

ಕೋಣೆ ಮಹಡಿಯ ಮೇಲಿತ್ತು. ಕೆಳಗೆ ಕಟ್ಟಡದ ಮಾಲೀಕರಾದ ಹಸನಬ್ಬ ಹಾಜಿಯವರ ಅಂಗಡಿ. ಕೋಳಿ ಸಾರಿಗೆ ಮುರಿದು ಹಾಕುವ ಕೋರಿ ರೊಟ್ಟಿ, ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ, ಉಪ್ಪಿನಕಾಯಿ. ಗಲ್ಫಿಗೆ ಹೊರಟವರ ಪೆಟ್ಟಿಗೆಗಳು ಅಲ್ಲಿ ತುಂಬದೆ ವಿಮಾನ ಏರುತ್ತಿರಲಿಲ್ಲ. ಅವರ ಅಂಗಡಿಯ ಪರಿಮಳ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ನಮ್ಮ ಯಂತ್ರಗಳ ಸದ್ದು ಕೆಳಗಿಳಿಯುತ್ತಿತ್ತು. ಬಹಳ ವರ್ಷ ಈ ವಿನಿಮಯ ಸಮಾಧಾನದಿಂದ ನಡೆದಿತ್ತು. ಆ ವರ್ಷ ಮಾತ್ರ ಮಳೆ ಹಿಡಿಯುವ ಹೊತ್ತಿಗೆ ಬೆಂಚುಗಳು ಖಾಲಿಯಾಗಿದ್ದವು.

ಒಂದು ಮಧ್ಯಾಹ್ನ ಹಾಜಿಯವರು ಒದ್ದೆ ಕೊಡೆಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದರು.

“ಟೀಚರೇ, ಮೇಲಿಂದ ಟಕಟಕ ಕೇಳುದೇ ಕಡಿಮೆಯಾಯ್ತಲ್ಲ. ಗಡಿಯಾರ ನಿಂತಿತಾ ಅಂತ ನೋಡ್ಲಿಕ್ಕೆ ಬಂದದ್ದು.”

“ನಿಂತಿಲ್ಲ ಹಾಜಿಯವರೇ. ನಿಧಾನ ಆಗಿದೆ ಅಷ್ಟೆ.”

ಅವರು ಕುಳಿತರು. ಸ್ವಲ್ಪ ಹೊತ್ತು ನೇತ್ರಾವತಿಯ ನೀರು ಎಲ್ಲಿವರೆಗೆ ಬಂದಿದೆ ಎಂದು ಮಾತನಾಡಿದರು. ಆಮೇಲೆ ವಿಷಯಕ್ಕೆ ಬಂದರು. “ಮೊಬೈಲ್ ಅಂಗಡಿಯವ ಒಬ್ಬ ಈ ಕೋಣೆ ಕೇಳಿ ಹೋಗಿದ್ದಾನೆ. ಮಳೆ ಮುಗೀಲಿ, ಆಮೇಲೆ ಹೇಳ್ತೇನೆ ಅಂದೆ. ನಿಮಗೆ ಬೇರೆಯವರ ಬಾಯಿಂದ ಗೊತ್ತಾಗ್ಬಾರ್ದಲ್ಲ.”

ಮಾತು ತಪ್ಪಿಸಲೆಂದೋ ಏನೋ ಅವರು ತಮ್ಮ ಮಗ ಇಕ್ಬಾಲನ ಸುದ್ದಿ ತೆಗೆದರು. ಅವನು ಗಲ್ಫಿನಲ್ಲಿ ವ್ಯಾಪಾರಕ್ಕಿದ್ದ. ಅಂಗಡಿಗೊಂದು ವೆಬ್ ಪುಟ ಬೇಕು, ಅಲ್ಲಿರುವ ನಮ್ಮ ಊರಿನವರು ಅದನ್ನು ನೋಡಿ ಏನೇನು ಉಂಟೆಂದು ತಿಳಿಯಬೇಕು ಎಂದು ಅವನ ಹಟ. ಮಂಗಳೂರಿನವರನ್ನು ಕೇಳಿದರೆ ಇಂಗ್ಲಿಷಿನಲ್ಲಿ ಮಾತ್ರ ಆಗುತ್ತದೆ ಎಂದರಂತೆ.

“ಇಂಗ್ಲಿಷಲ್ಲಿ ಕೋರಿ ರೊಟ್ಟಿ ಬರೆದ್ರೆ ಅದಕ್ಕೆ ರುಚಿ ಉಂಟಾ ಟೀಚರೇ?”

“ಕನ್ನಡದಲ್ಲಿ ನಾನು ಮಾಡಿ ಕೊಡ್ತೇನೆ,” ಎಂದೆ.

“ವೆಬ್ ಪುಟ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಾ?”

“ಗೊತ್ತಿಲ್ಲ. ಅದನ್ನು ಯಾರಾದ್ರೂ ಟೈಪ್ ಮಾಡ್ಲೇಬೇಕು ಅಂತ ಗೊತ್ತುಂಟು.”

ಹಾಜಿಯವರು ಗಡ್ಡ ಸವರಿಕೊಂಡು ನಕ್ಕರು. ಇಕ್ಬಾಲ್ ಅಲ್ಲಿ ಕುಳಿತು ಆ ಪುಟವನ್ನು ಓದಿದರೆ, ಅದನ್ನೇ ಕಲಿಸುವ ಕ್ಲಾಸು ಇದೇ ಕೋಣೆಯಲ್ಲಿ ನಡೆಯಲಿ. ಓದಲಾಗದಿದ್ದರೆ ಮೊಬೈಲ್ ಅಂಗಡಿ. ಹೀಗೆಂದು ನಿಶ್ಚಯವಾಯಿತು. ಎಂಟನೆಯ ತರಗತಿಯ ನಂತರ ನನಗೆ ಏನನ್ನೂ ಕಲಿಸಿದವರು ಯಾರೂ ಇಲ್ಲ. ಟೈಪಿಂಗ್, ಶೀಘ್ರಲಿಪಿ ಎರಡನ್ನೂ ಪುಸ್ತಕ ಎದುರಿಗಿಟ್ಟುಕೊಂಡು, ಪುಸ್ತಕದೊಡನೆ ಜಗಳವಾಡುತ್ತ ಕಲಿತೆ. ಇನ್ನೊಂದು ವಿದ್ಯೆ ಅಷ್ಟೇ ತಾನೆ ಎಂದುಕೊಂಡೆ.

ನನ್ನ ಜೊತೆಗಿದ್ದವಳು ಝೊಹರಾ. ಹತ್ತಿರದ ಮಾಣಿ ಊರಿನವಳು, ಬಿ.ಕಾಂ. ಮುಗಿಸಿ, ನನ್ನಲ್ಲಿ ಟೈಪಿಂಗಿನ ಹೈಯರ್ ಪರೀಕ್ಷೆ ಪಾಸಾಗಿ, ಕಲಿಸಲು ನಿಂತವಳು. ಕೋಣೆ ಹೋದರೆ ಅವಳ ಕೆಲಸವೂ ಹೋಗುತ್ತಿತ್ತು. ನಾವಿಬ್ಬರೂ ಶನಿವಾರಗಳಂದು ಸಿದ್ಧಕಟ್ಟೆಯ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗತೊಡಗಿದೆವು. ಅಲ್ಲಿ ರಘುರಾಮ ಎಂಬವರು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಎಳೆಯ ವಯಸ್ಸು, ಒಳ್ಳೆಯ ಮನುಷ್ಯ. ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುವ ಅಭ್ಯಾಸ.

“ಇಂಟರ್ನೆಟ್ ಅಂದ್ರೆ ಒಂದು ಸಾಗರ, ಟೀಚರ್,” ಎಂದು ಶುರು ಮಾಡಿದರು.

“ಸಾಗರದಲ್ಲಿ ನಮ್ಮ ಹಾಳೆ ಇಡುದೆಲ್ಲಿ? ಒದ್ದೆಯಾಗುದಿಲ್ವಾ?”

ಝೊಹರಾ ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. ರಘುರಾಮರು ಸಾಗರವನ್ನು ಕೈಬಿಟ್ಟು ಸರ್ವರ್, ಬ್ರೌಸರ್, ವಿಳಾಸ ಎಂದು ಶಬ್ದಗಳನ್ನು ಹೇಳಿದರು. ಬರೆದುಕೊಂಡೆ; ಅರ್ಥವಾಗಲಿಲ್ಲ. ಅರ್ಥವಾದದ್ದು ಮರಳುವಾಗ, ಬಸ್ಸಿನಲ್ಲಿ. ನಮ್ಮ ಕಡೆ ಒಂದು ಪದ್ಧತಿ ಇದೆ. ರಿಬ್ಬನ್ ಮುಗಿದರೆ ನಾನೇ ಮೂಡುಬಿದಿರೆಗೆ ಹೋಗುತ್ತಿರಲಿಲ್ಲ. ಅಂಗಡಿಯ ಹೆಸರು ಮತ್ತು ಬೇಕಾದ ಸಾಮಾನು ಬರೆದ ಚೀಟಿಯನ್ನು ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೆ. ಅವನು ಅಂಗಡಿಗೆ ಮುಟ್ಟಿಸುತ್ತಿದ್ದ, ಅಂಗಡಿಯವರು ಕೊಟ್ಟದ್ದನ್ನು ಮರಳುವ ಟ್ರಿಪ್ಪಿನಲ್ಲಿ ತಂದು ಕೊಡುತ್ತಿದ್ದ. ಮುಂದಿನ ಸೀಟಿನವರ ಕಟ್ಟೊಂದನ್ನು ಕಂಡಕ್ಟರ್ ಕಿಟಕಿಯಿಂದ ಇಳಿಸುತ್ತಿದ್ದುದನ್ನು ನೋಡುತ್ತಿದ್ದಂತೆ ನನ್ನ ತಲೆಯೊಳಗೆ ಶಬ್ದಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತವು.

“ಝೊಹರಾ, ಸರ್ವರ್ ಅಂದ್ರೆ ಯಾವತ್ತೂ ಬಾಗಿಲು ಹಾಕದ ಅಂಗಡಿ. ಪುಟ ಇರುದು ಅಲ್ಲಿ. ಬ್ರೌಸರ್ ಅಂದ್ರೆ ನಮ್ಮ ಚೀಟಿ ಕಳಿಸಿ, ಬಂದ ಕಟ್ಟನ್ನು ಬಿಚ್ಚಿ ನಮ್ಮೆದುರು ಹರಡುವವ. ವಿಳಾಸ ಅಂದ್ರೆ ಚೀಟಿಯ ಮೇಲಿನ ಹೆಸರು.”

“ಅಂಗಡಿಯಲ್ಲಿ ಸಾಮಾನು ಇಲ್ಲದಿದ್ರೆ?”

“ಇಲ್ಲವಂತೆ ಅಂತ ಬಂದು ಹೇಳ್ತಾನಲ್ಲ, ಕಂಡಕ್ಟರ್.”

“ಓ, ಪುಟ ಸಿಗಲಿಲ್ಲ ಅಂತ ಬರ್ತದಲ್ಲ, ಅದು!” ಎಂದು ಅವಳು ಸೀಟಿನಿಂದ ಅರ್ಧ ಎದ್ದಳು. “ಹಾಗಾದ್ರೆ ಅದು ಕೆಟ್ಟುಹೋದದ್ದಲ್ಲ ಟೀಚರ್, ಅದೂ ಒಂದು ಉತ್ತರವೇ.”

ಸಾಗರಕ್ಕಿಂತ ಬಸ್ಸು ನಮಗೆ ಹೆಚ್ಚು ಉಪಕಾರ ಮಾಡಿತು.

ಪುಟ ಬರೆಯುವ ಎಚ್‌ಟಿಎಂಎಲ್ ಎಂಬ ಕ್ರಮ ನನಗೆ ಕಷ್ಟವಾಗಲಿಲ್ಲ. ಆಫೀಸಿನ ಸಾಹೇಬರು ಪತ್ರ ಹೇಳಿ ಬರೆಸುವಾಗ ನಡುವೆ “ಹೊಸ ಪ್ಯಾರಾ” ಎನ್ನುತ್ತಾರೆ, “ಇಲ್ಲಿಂದ ಅಡಿಗೆರೆ, ಇಲ್ಲಿಗೆ ಸಾಕು” ಎನ್ನುತ್ತಾರೆ. ಬರೆದುಕೊಳ್ಳುವವಳು ಆ ಮಾತನ್ನು ಟೈಪ್ ಮಾಡುವುದಿಲ್ಲ, ಪಾಲಿಸುತ್ತಾಳೆ. ಟ್ಯಾಗ್ ಎಂದರೆ ಅದೇ. ಕೋನದಂಥ ಎರಡು ಆವರಣ ಚಿಹ್ನೆಗಳ ನಡುವೆ ಬರೆದದ್ದು ಓದುಗರಿಗಲ್ಲ, ಬ್ರೌಸರಿಗೆ ಹೇಳಿದ ಮಾತು: ಇಲ್ಲಿ ಶೀರ್ಷಿಕೆ ಶುರು, ಇಲ್ಲಿಗೆ ಶೀರ್ಷಿಕೆ ಮುಗಿಯಿತು. ಶುರು ಮಾಡಿದ್ದನ್ನು ಮುಗಿಸಲು ಮರೆತರೆ ಪುಟದ ಕೊನೆಯವರೆಗೂ ಎಲ್ಲವೂ ಶೀರ್ಷಿಕೆಯಾಗಿಬಿಡುತ್ತದೆ.

ಈ ವಿದ್ಯೆಯಲ್ಲಿ ನನ್ನನ್ನು ಗೆದ್ದದ್ದು ಇನ್ನೊಂದು ಸಂಗತಿ. ಲೋಕದ ಯಾವ ಪುಟವನ್ನೇ ತೆರೆಯಿರಿ, ಅದರ ಮೂಲ ಬರಹವನ್ನು ತೋರಿಸು ಎಂದು ಬ್ರೌಸರಿಗೆ ಹೇಳಬಹುದು, ಅದು ತೋರಿಸುತ್ತದೆ. ಹೊಲಿದ ಅಂಗಿಯನ್ನು ಮಗುಚಿ ಒಳಗಿನ ಹೊಲಿಗೆ ನೋಡಿದ ಹಾಗೆ. ಯಾರ ಮಾತನ್ನೂ ಪರೀಕ್ಷಿಸದೆ ನಂಬದ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ನಾನು, ಕೋಣೆಗೆ ತಂದು ಟೆಲಿಫೋನ್ ತಂತಿಗೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ, ಕಂಡಕಂಡವರ ಪುಟಗಳನ್ನು ಮಗುಚಿ ನೋಡುತ್ತಿದ್ದೆ.

ಹಾಜಿಯವರ ಪುಟದ ಜೀವ ಒಂದು ಪಟ್ಟಿಯಲ್ಲಿತ್ತು: ತಿನಿಸಿನ ಹೆಸರು, ಕಟ್ಟಿನ ತೂಕ, ಕೆಡದೆ ಎಷ್ಟು ಕಾಲ ಉಳಿಯುತ್ತದೆ. ಮರುಭೂಮಿಯ ಸೆಕೆಯಲ್ಲಿರುವವರಿಗೆ ಮೂರನೆಯದೇ ಮುಖ್ಯ. ಮೂರು ಕಾಲಮು ಹೊಡೆಯುವುದು ನಮ್ಮ ಕುಲವಿದ್ಯೆ. ಸ್ಪೇಸ್ ಎಣಿಸಿ, ಪ್ರತಿ ಸಾಲಿನ ಕೊನೆಗೆ ಸಾಲು ಮುರಿದು, ಅಂಚಿಗೆ ಅಂಚು ಹೊಂದಿಸಿ ಪಟ್ಟಿಯನ್ನು ಹೊಡೆದೆ. ಬ್ರೌಸರಿನಲ್ಲಿ ತೆರೆದರೆ ಎಲ್ಲವೂ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು.

“ಇದು ಸ್ಪೇಸ್ ತಿಂತದೆ ಟೀಚರ್,” ಎಂದಳು ಝೊಹರಾ. “ಎಷ್ಟು ಕೊಟ್ರೂ ಒಂದೇ ಇಡುದು, ಉಳಿದದ್ದು ನುಂಗುದು.”

ರಘುರಾಮರು ಸಮಾಧಾನದಿಂದ ಹೇಳಿದರು: “ಪಟ್ಟಿಗೆಂದೇ ಒಂದು ಟ್ಯಾಗ್ ಉಂಟು. ಅದನ್ನು ಹಾಕುವ.”

“ಪಟ್ಟಿ ಹಾಕುದು ನನಗೆ ಹೇಳಿಕೊಡ್ತೀರಾ? ನೀವು ಹುಟ್ಟುವ ಮೊದಲೇ ನಾನು ಅದನ್ನು ಕಲಿಸಿದವಳು.”

ಬ್ರೌಸರಿಗೆ ನುಂಗಲು ಬಾರದ ಒಂದು ಬಗೆಯ ಸ್ಪೇಸ್ ಇರುವುದನ್ನು ನಾನು ಯಾರದೋ ಪುಟ ಮಗುಚಿದಾಗ ಕಂಡಿದ್ದೆ. ಒಂದೊಂದು ಸ್ಪೇಸಿಗೂ ಅದರ ಉದ್ದನೆಯ ಸಂಕೇತವನ್ನು ಹೊಡೆಯುತ್ತ ಇಡೀ ಪಟ್ಟಿಯನ್ನು ಕಟ್ಟಿದೆ. ಪರದೆಯ ಮೇಲೆ ಮೂರೂ ಕಾಲಮು ಗೋಡೆಯಂತೆ ನಿಂತವು. ರಘುರಾಮರ ಕಂಪ್ಯೂಟರಿನಲ್ಲೂ ಹಾಗೆಯೇ. ಅವರು ಪುಟವನ್ನು ಸರ್ವರಿಗೆ ಏರಿಸಿದರು.

“ಆಯ್ತು ಟೀಚರ್. ಇನ್ನು ಲೋಕದಲ್ಲಿ ಎಲ್ಲಿ ನೋಡಿದ್ರೂ ಹೀಗೇ ಕಾಣ್ತದೆ.”

“ನೀವು ನೋಡಿದ್ದೀರಾ?”

“ಎಲ್ಲಿ?”

“ಲೋಕದಲ್ಲಿ.”

“ನಿಮಗೆ ದೇವರ ಮೇಲಾದ್ರೂ ನಂಬಿಕೆ ಉಂಟಾ ಮಾರಾಯ್ರೆ?”

“ದೇವರು ಎಲ್ಲ ಕಡೆ ಒಂದೇ ಹಾಗೆ ಕಾಣ್ತೇನೆ ಅಂತ ಹೇಳ್ಲಿಲ್ಲ.”

ಆ ಶುಕ್ರವಾರ ಇಕ್ಬಾಲ್ ಪುಟ ನೋಡಿ ಫೋನು ಮಾಡುವುದೆಂದು ಹಾಜಿಯವರು ಹೇಳಿ ಕಳಿಸಿದ್ದರು. ಬುಧವಾರ ನಾನು ಝೊಹರಾಳನ್ನು ಕರೆದುಕೊಂಡು ಬೆಳ್ತಂಗಡಿಗೆ ಹೊರಟೆ. ಅಲ್ಲಿ ನಮಗೆ ಗುರುತಿನವರಿರಲಿಲ್ಲ. ಹೋಗಲು ಅದೇ ಕಾರಣ. ಬಸ್ಸಿನ ಕಿಟಕಿಗಳಿಗೆಲ್ಲ ಟರ್ಪಾಲು ಇಳಿಸಿದ್ದರು. ಪುಂಜಾಲಕಟ್ಟೆ, ಮಡಂತ್ಯಾರು ದಾಟಿದ್ದು ಕಂಡಕ್ಟರ್ ಕೂಗಿದ್ದರಿಂದಲೇ ಗೊತ್ತಾದದ್ದು.

ಬ್ರೌಸಿಂಗ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ ಕುಳಿತು ವಿಳಾಸ ಹೊಡೆದೆ. ಪುಟ ಬಂತು. ಹಾಜಿಯವರ ಅಂಗಡಿಯ ಹೆಸರಿರಬೇಕಾದಲ್ಲಿ ಕೊಂಬು, ಚುಕ್ಕಿ, ಟೋಪಿ ಹೊತ್ತ ಯಾವುದೋ ಪರದೇಶಿ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಕನ್ನಡದ ಒಂದು ಅಕ್ಷರವೂ ಇಲ್ಲ. ಪರದೆ ಸಣ್ಣದಾದ್ದರಿಂದ ನನ್ನ ಗೋಡೆಯೂ ಕುಸಿದಿತ್ತು. ಮೂರನೆಯ ಕಾಲಮು ಮೊದಲನೆಯದರ ಕೆಳಗೆ ಬಿದ್ದು, ಎರಡನೆಯದು ನಡುಬೀದಿಯಲ್ಲಿ ಅಲೆಯುತ್ತಿತ್ತು.

ಸೆಂಟರಿನ ಯಜಮಾನರು ಹಿಂದಿನಿಂದ ಇಣುಕಿದರು. “ಇದು ಎಂತ ಭಾಷೆ ಅಮ್ಮ, ರಷ್ಯಾದ್ದಾ?”

“ಬಂಟ್ವಾಳದ್ದು,” ಎಂದಳು ಝೊಹರಾ. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲಿಲ್ಲ.

ಮರಳುವ ಬಸ್ಸಿನಲ್ಲಿ ಎರಡು ಯಂತ್ರಗಳನ್ನೂ ತೂಗಿ ನೋಡಿದೆ. ಟೈಪ್‌ರೈಟರಿನಲ್ಲಿ ಅಚ್ಚಿನ ಮೊಳೆಯೂ ನಮ್ಮದು, ಹಾಳೆಯೂ ನಮ್ಮದು. ನಾನು ಹೊಡೆದದ್ದು ದಿಲ್ಲಿಗೆ ಹೋದರೂ ನಾನು ಹೊಡೆದ ಹಾಗೆಯೇ ಇರುತ್ತದೆ. ಇಲ್ಲಿ ಹಾಗಲ್ಲ. ನಾವು ಕಳಿಸುವುದು ಮಾತು ಮತ್ತು ಸೂಚನೆ ಮಾತ್ರ. ಅಚ್ಚುಮೊಳೆಯೂ ಹಾಳೆಯೂ ಓದುವವರ ಯಂತ್ರದಲ್ಲಿರುತ್ತವೆ. ನಮ್ಮ ಕನ್ನಡದ ಮೊಳೆ, ಅಂದರೆ ಫಾಂಟು, ನಮ್ಮ ಕಂಪ್ಯೂಟರಿನಲ್ಲಿತ್ತು, ರಘುರಾಮರಲ್ಲಿತ್ತು, ಬೆಳ್ತಂಗಡಿಯಲ್ಲಿರಲಿಲ್ಲ. ಹಾಳೆಯ ಅಗಲ ನಾನು ಎಣಿಸಿದಷ್ಟಿರಲಿಲ್ಲ. ಎಲ್ಲೆಡೆ ಒಂದೇ ರೀತಿ ಕಾಣುತ್ತದೆಂದು ರಘುರಾಮರು ನಂಬಿದ್ದು ಎಷ್ಟು ತಪ್ಪೋ, ಸ್ಪೇಸ್ ಎಣಿಸಿ ಹಾಗೆ ಕಾಣಿಸುತ್ತೇನೆಂದು ನಾನು ಹೊರಟದ್ದೂ ಅಷ್ಟೇ ತಪ್ಪು.

“ಝೊಹರಾ, ಅವರು ಹೇಳಿದ ಟ್ಯಾಗನ್ನೇ ಹಾಕುವ,” ಎಂದೆ.

“ಅಲ್ಹಮ್ದುಲಿಲ್ಲಾ,” ಎಂದಳು ಅವಳು, ಟರ್ಪಾಲಿನ ಕಡೆ ಮುಖ ತಿರುಗಿಸಿ.

ಗುರುವಾರ ಬೆಳಿಗ್ಗೆ ರಘುರಾಮರಿಗೆ ಫೋನು ಮಾಡಿ ಕಂಡದ್ದನ್ನು ಹೇಳಿದೆ. ಅವರು “ನಾನೂ ಬೇರೆ ಕಡೆ ನೋಡಿರ್ಲಿಲ್ಲ ಟೀಚರ್,” ಎಂದರು. ಆ ಒಂದು ಮಾತಿಗಾಗಿ ಅವರ ಸಾಗರವನ್ನು ಕ್ಷಮಿಸಿದೆ. ಯೂನಿಕೋಡ್ ಎಂಬ ಹೊಸ ಕ್ರಮವನ್ನು ಅವರೇ ಹುಡುಕಿ ಹೇಳಿದರು: ಪ್ರತಿ ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಒಂದು ಸಂಖ್ಯೆ. ನಾವು ಸಂಖ್ಯೆ ಕಳಿಸಿದರೆ ಅಲ್ಲಿನ ಯಂತ್ರ ತನ್ನಲ್ಲಿರುವ ಕನ್ನಡದ ಮೊಳೆಯಿಂದ ಒತ್ತುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಆ ಮೊಳೆ ಬಂದಿದೆ, ಹಳೆಯವುಗಳಲ್ಲಿ ಇಲ್ಲ.

ಝೊಹರಾ ಆ ದಿನ ಮನೆಯಿಂದ ಬರುವ ದಾರಿಯ ಕಲ್ಲಡ್ಕದಲ್ಲಿ ಬಸ್ಸು ನಿಂತಾಗ ಕಂಡ ಚಹಾದ ಉಪಮೆಯೊಡನೆ ಬಂದಿದ್ದಳು. ಆ ಊರಿನ ಚಹಾದ ಗ್ಲಾಸಿನಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ಬೇರೆ ಬೇರೆಯಾಗಿ ನಿಂತಿರುತ್ತವೆ. “ಪುಟವೂ ಹಾಗೆ ಇರ್ಬೇಕಂತೆ ಟೀಚರ್. ಇದು ಶೀರ್ಷಿಕೆ, ಇದು ಪಟ್ಟಿ ಅಂತ ಹೇಳುದು ಒಂದು ಕಡೆ. ಬಣ್ಣ, ಗಾತ್ರ, ಅಂಚು ಎಲ್ಲ ಇನ್ನೊಂದು ಕಡೆ, ಸ್ಟೈಲ್ ಫೈಲಿನಲ್ಲಿ. ನಾವು ಮೊದಲೇ ಕಲಕಿಬಿಟ್ಟೆವು. ಕಲಕಿದ್ರೆ ಮತ್ತೆ ಬೇರೆ ಮಾಡ್ಲಿಕ್ಕೆ ಬರುದಿಲ್ಲ.”

ಹಾಗಾಗಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹೊಡೆದೆವು. ಪಟ್ಟಿಯನ್ನು ಪಟ್ಟಿ ಎಂದೇ ಕರೆದೆವು. ಸಾಲು, ಮನೆ ಎಂದು ಗುರುತು ಹಾಕಿ, ಅಗಲವನ್ನು ಬ್ರೌಸರಿಗೆ ಬಿಟ್ಟೆವು. ಮೊಳೆ ಇಲ್ಲದವರಿಗೆಂದು ಪ್ರತಿ ತಿನಿಸಿನ ಹೆಸರಿನ ಕೆಳಗೆ ಸಣ್ಣದಾಗಿ ಇಂಗ್ಲಿಷ್ ಅಕ್ಷರದಲ್ಲೂ ಬರೆದೆವು. ಇದಕ್ಕೆ ನನ್ನ ಮನಸ್ಸು ಒಪ್ಪಲು ಒಂದು ಊಟದ ಹೊತ್ತು ಬೇಕಾಯಿತು. ಕೆಲಸ ಮುಗಿಯಿತು ಎನ್ನುವಾಗ ಸಿಡಿಲು ಬಡಿದು ನಮ್ಮ ಬೀದಿಯ ಟೆಲಿಫೋನುಗಳೆಲ್ಲ ಸತ್ತವು. ಕಂಪ್ಯೂಟರ್ ಉಳಿದಿತ್ತು, ಆದರೆ ಪುಟವನ್ನು ಸರ್ವರಿಗೆ ಏರಿಸುವ ದಾರಿ ಇರಲಿಲ್ಲ.

ಝೊಹರಾ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ. ಮೂಡುಬಿದಿರೆಯ ಬಸ್ಸು ಹೊರಡುವ ಹೊತ್ತು. ಫ್ಲಾಪಿಯನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಮೇಲೆ ರಘುರಾಮರ ವಿಳಾಸ ಅಂಟಿಸಿ, ಸೆರಗು ತಲೆಗೆ ಹಾಕಿಕೊಂಡು ಓಡಿದೆ.

“ರಿಬ್ಬನ್ ತರ್ಲಿಕ್ಕಾ ಟೀಚರ್?” ಎಂದ ಕಂಡಕ್ಟರ್.

“ಇವತ್ತು ತರ್ಲಿಕ್ಕಲ್ಲ, ಕೊಡ್ಲಿಕ್ಕೆ. ಇದು ಗಲ್ಫಿಗೆ ಹೋಗುವಂಥದ್ದು.”

“ನಮ್ಮ ಬಸ್ಸು ಮೂಡುಬಿದಿರೆವರೆಗೆ ಮಾತ್ರ ಹೋಗುದು ಮಾರಾಯ್ರೆ.”

“ಅಲ್ಲಿವರೆಗೆ ನೀನು ಮುಟ್ಟಿಸು. ಮುಂದಿನದು ಅವರು ನೋಡಿಕೊಳ್ತಾರೆ.”

ಶುಕ್ರವಾರ ನಮಾಜು ಮುಗಿಸಿ ಹಾಜಿಯವರು ಮೇಲೆ ಬಂದರು. ಬೆಳಿಗ್ಗೆ ಅವರ ಮೊಬೈಲಿನಿಂದಲೇ ಬೆಳ್ತಂಗಡಿಯ ಸೆಂಟರಿಗೆ ಫೋನು ಮಾಡಿ, ಏರಿಸಿದ ಹೊಸ ಪುಟ ಹೇಗೆ ಕಾಣುತ್ತದೆ ಎಂದು ಕೇಳಿದ್ದೆವು. ಹೊಸ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಹಳೆಯದರಲ್ಲಿ ಬರೇ ಪೆಟ್ಟಿಗೆ ಪೆಟ್ಟಿಗೆ ಎಂದು ಉತ್ತರ ಬಂದಿತ್ತು. ಇಕ್ಬಾಲ್ ಎಂಥದರ ಎದುರು ಕುಳಿತಿದ್ದಾನೋ ನಮಗೆ ತಿಳಿಯದು. ಮೊಬೈಲು ಹೊಡೆದುಕೊಂಡಿತು. ತಂದೆ ಮಗನ ಮಾತು ಬ್ಯಾರಿ ಭಾಷೆಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಕ್ಬಾಲನ ದನಿ ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

“ಉಪ್ಪಾ, ಇದನ್ನು ಓದ್ಲಿಕ್ಕೆ ಆಗುದಿಲ್ಲ. ನಿನ್ನೆಯೂ ನೋಡಿದೆ, ಇವತ್ತೂ ಹಾಗೇ ಉಂಟು. ಎಂಥೆಂಥದೋ ಕೊಂಬು.”

ಹಾಜಿಯವರು ನನ್ನನ್ನು ನೋಡಿದರು. ನಾನು ಖಾಲಿ ಬೆಂಚುಗಳನ್ನು ನೋಡಿದೆ. ಝೊಹರಾ ಮಾತ್ರ ತಟ್ಟನೆ ಎದ್ದು ನಿಂತಳು.

“ನಿನ್ನೆ ನೋಡಿದ್ದಾರಾ? ಹಾಗಾದ್ರೆ ಅದು ನಿನ್ನೆಯದೇ ಪುಟ. ಒಮ್ಮೆ ತಂದದ್ದನ್ನು ಬ್ರೌಸರ್ ತನ್ನ ಹತ್ತಿರ ಇಟ್ಟುಕೊಳ್ತದೆ ಹಾಜಿಯವರೇ, ಮತ್ತೆ ಮತ್ತೆ ಅಂಗಡಿಗೆ ಹೋಗುದು ಬೇಡ ಅಂತ. ಹೊಸತು ತರ್ಲಿಕ್ಕೆ ಹೇಳ್ಬೇಕು. ರಿಫ್ರೆಶ್ ಒತ್ತಲಿಕ್ಕೆ ಹೇಳಿ.”

ಹಾಜಿಯವರು ಹೇಳಿದರು. ನಮ್ಮ ಹೆಂಚಿನ ಮೇಲೆ ಮಳೆ. ಆಮೇಲೆ, ಮೊದಲ ತರಗತಿಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಹಿಡಿದು, ಸಮುದ್ರದಾಚೆಯಿಂದ ಆ ದನಿ ಬಂತು:

“ಕೋ... ರಿ... ರೊ... ಟ್ಟಿ.”

ಹಾಜಿಯವರು ಮೊಬೈಲನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದರು. ಇಕ್ಬಾಲ್ ಓದುತ್ತಲೇ ಹೋದ. ಹಪ್ಪಳ, ಮಾಂಬಳ, ಉಪ್ಪಿನಕಾಯಿ. ಯಾವುದು ಎಷ್ಟು ಕಾಲ ಉಳಿಯುತ್ತದೆ ಎಂದೂ ಓದಿದ. ಅಕ್ಕಪಕ್ಕದವರು ಯಾರೋ ಬಂದು ಸೇರಿದ್ದು, ಅವರಲ್ಲೊಬ್ಬ “ಮಾಂಬಳ ಉಂಟಾ?” ಎಂದು ಕೇಳಿದ್ದು ನಮಗೂ ಕೇಳಿಸಿತು. ಕೊನೆಗೆ ಇಕ್ಬಾಲ್ ಹೇಳಿದ: “ಇಲ್ಲಿ ಪರದೆ ಸಣ್ಣದು ಉಪ್ಪಾ. ಮೂರನೇ ಮನೆಯ ಬರಹ ಎರಡು ಸಾಲಾಗಿ ಮಡಚಿದೆ. ತೊಂದರೆ ಉಂಟಾ ಅಂತ ಟೀಚರನ್ನು ಕೇಳಿ.”

ಅಷ್ಟು ವರ್ಷ ಅಂಥ ಒಂದು ಮಡಿಕೆಗೆ ನಾನು ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ.

“ತೊಂದರೆ ಇಲ್ಲ ಅಂತ ಹೇಳಿ,” ಎಂದೆ. “ಹಾಳೆ ಅವರದ್ದು. ಅವರಿಗೆ ಬೇಕಾದ ಹಾಗೆ ಮಡಚಿಕೊಳ್ಳಲಿ.”

ಮಾತು ಮುಗಿಸಿ ಹಾಜಿಯವರು ಎದ್ದು ಕೊಡೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ತಿರುಗಿದರು.

“ಟೀಚರೇ, ಆ ಮೊಬೈಲ್ ಅಂಗಡಿಯವನಿಗೆ ಈಗ ಎಂತ ಹೇಳುದು?”

“ಅವನಿಗೂ ಒಂದು ಪುಟ ಬೇಕಾ ಅಂತ ಕೇಳಿ,” ಎಂದೆ.

ಮಳೆ ಬಿಟ್ಟ ಮೇಲೆ ಅವನೇ ಬಂದು ಕುಳಿತು ಬರೆಸಿಕೊಂಡು ಹೋದ. ಝೊಹರಾಳ ಬೆಂಚುಗಳು ಮೆಲ್ಲಮೆಲ್ಲನೆ ತುಂಬಿದವು. ಅವಳ ಮೊದಲ ಪಾಠ ಸಾಗರದಿಂದಲ್ಲ, ಬಸ್ಸಿನಿಂದ ಶುರುವಾಗುತ್ತಿತ್ತು. ಹೊಸ ಕೀಬೋರ್ಡಿನ ಮೇಲೆ ಅವೇ ಹಳೆಯ ಬೆರಳುಗಳು ಓಡುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಕೆಳಗಿನಿಂದ ಹಾಜಿಯವರು ಆಗಾಗ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು: “ಟೀಚರೇ, ಮೇಲೆ ಇದ್ದೀರಾ?”

“ಇದ್ದೇವೆ ಹಾಜಿಯವರೇ,” ಎಂದು ಮೇಲಿನಿಂದ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು.